ಚಿತ್ರದ ಬೆಲೆ ಮತ್ತು ಚಿತ್ರದ ಬಾಳಿಕೆ

ಬಸವಕಲ್ಯಾಣವೆಂದೊಡನೆ ನಮ್ಮ ನೆನಪಿಗೆ ಬರುವುದು ಶರಣರ ಅನುಭಾವ. ಆ ಕಲ್ಯಾಣದಿಂದಲೇ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೂ ಸ್ಥಾನವಿದೆಯೆಂಬುದನ್ನು ಬಲ್ಲವರು ವಿರಳ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ಮಾಡಿದ ವಜ್ರಲೇಪವೆಂಬ ಅಂಟು, ಶಂಖದ ಬಿಳುಪು, ಇಂಗುಲೀಕದ ಕೆಂಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಇವೆಲ್ಲವೂ ಅಲ್ಲಿ ವಿವರಿಸಲ್ಪಟ್ಟಿವೆ. ಕನ್ನಡಿಯೊಳಗಿನ ಬಿಂಬದಂತೆ ವ್ಯಕ್ತಿಯನ್ನು ಹೋಲುವ ಚಿತ್ರಕ್ಕೆ ಅವನು ‘ವಿದ್ಧ’ವೆಂದು ಹೆಸರಿಟ್ಟಿದ್ದಾನೆ. ನಮ್ಮ ಮಠಮಾನ್ಯಗಳ ಗೋಡೆಗಳ ಮೇಲಿರುವ ಗುರುಗಳ ಭಾವಚಿತ್ರಗಳು ಈ ಜಾತಿಯವೇ.

ಹಳೆಯ ಚಿತ್ರವೊಂದರ ಮೌಲ್ಯವನ್ನು ನಿರ್ಣಯಿಸುವುದು ಹೇಗೆ? ಮೊದಲು ಅದು ಕೈಬರಹದ್ದೋ ಅಚ್ಚಿನದ್ದೋ ಎಂಬುದನ್ನು ತಿಳಿಯಬೇಕು. ಭೂತಗನ್ನಡಿಯಲ್ಲಿ ನೋಡಿದಾಗ ಅಚ್ಚಿನ ಪಟದಲ್ಲಿ ಸಾಮಾನ್ಯವಾಗಿ ಸಣ್ಣ ಚುಕ್ಕೆಗಳು ಕಾಣುವುವು. ತೈಲಚಿತ್ರದಲ್ಲಿ ಕುಂಚದ ಏರಿಳಿತಗಳು ಕಾಣುವುವು. ಆಮೇಲೆ ಬರೆದವರು ಯಾರು, ಯಾವ ಕಾಲದ್ದು, ಯಾರ ಕೈಯಿಂದ ಯಾರ ಕೈಗೆ ಬಂದಿತು, ಈಗಿನ ಸ್ಥಿತಿಯೇನು ಎಂಬುದನ್ನು ವಿಚಾರಿಸಬೇಕು. ಚಿತ್ರದ ಬೆನ್ನಿನ ಮೇಲಿರುವ ಹಳೆಯ ಚೀಟಿಯೂ ಸಾಕ್ಷಿಯೇ; ಚೌಕಟ್ಟು ಬದಲಿಸುವಾಗ ಅದನ್ನು ಕಿತ್ತೆಸೆಯಬಾರದು.

ಸಂರಕ್ಷಣೆಯ ಕ್ರಮವು ಚಿತ್ರದ ದ್ರವ್ಯವನ್ನು ಅವಲಂಬಿಸಿದೆ. ಅಮೆರಿಕದ ಮೇನ್ ಕಡಲತೀರವನ್ನು ಚಿತ್ರಿಸಿದ ನವ್ಯಕಲೆಯ ಆದ್ಯರಲ್ಲೊಬ್ಬನಾದ ಜಾನ್ ಮರಿನ್ (1870–1953), ನೀಲಗಿರಿಯನ್ನು ಚಿತ್ರಿಸಿದ ನಮ್ಮ ಕೆ. ವೆಂಕಟಪ್ಪನವರು (1886–1965) ಇಬ್ಬರೂ ಕಾಗದದ ಮೇಲೆ ಜಲವರ್ಣವನ್ನು ಬಳಸಿದವರು. ಅಂತಹ ಕೃತಿಗಳಿಗೆ ಬೆಳಕೇ ಶತ್ರು. ಒಮ್ಮೆ ಮಾಸಿದ ಬಣ್ಣ ಮರಳಿ ಬಾರದು. ತೈಲಚಿತ್ರದ ಬಟ್ಟೆಗಾದರೋ ವಜ್ರಲೇಪದಂತಹ ಅಂಟನ್ನೇ ಸವರಿರುವುದುಂಟು. ಆ ಅಂಟು ಮಳೆಗಾಲದಲ್ಲಿ ತೇವವನ್ನು ಹೀರಿ ಹಿಗ್ಗುವುದು, ಬೇಸಗೆಯಲ್ಲಿ ಒಣಗಿ ಕುಗ್ಗುವುದು. ಬಸವಕಲ್ಯಾಣ, ಹುಮನಾಬಾದಗಳ ಉರಿಬಿಸಿಲಿನ ನಾಡಿನಲ್ಲಿ ವರ್ಣವು ಬಿರಿದು ಉದುರುವುದಕ್ಕೆ ಇದು ಮುಖ್ಯ ಕಾರಣ. ಆದುದರಿಂದ ಚಿತ್ರವನ್ನು ಬಿಸಿಲು ತಾಗುವ, ಮಳೆನೀರು ಜಿನುಗುವ ಗೋಡೆಗೆ ತೂಗುಹಾಕಬಾರದು. ಊದುಬತ್ತಿಯ ಹೊಗೆಯಿಂದ ದೂರವಿಡಬೇಕು. ಒದ್ದೆ ಬಟ್ಟೆಯಿಂದಾಗಲಿ ಎಣ್ಣೆಯಿಂದಾಗಲಿ ಒರೆಸಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯವು ಭಕ್ತಿಯಿಂದಲೇ ಒದಗುವುದು. ಶತಮಾನೋತ್ಸವವೋ ಪುಣ್ಯಸ್ಮರಣೆಯೋ ಬಂದಾಗ ಉದಾರಿಗಳಾದ ದಾನಿಗಳು ಮಸುಕಾದ ಚಿತ್ರಕ್ಕೆ ಹೊಸ ಬಣ್ಣ ಬಳಿಸುತ್ತಾರೆ. ಚಿತ್ರವೇನೋ ಹೊಳೆಯುತ್ತದೆ, ಆದರೆ ಕಂಡವರು ಬರೆದ ಗುರುವಿನ ಮುಖವು ಮರೆಯಾಗಿ, ಕಾಣದವರು ಊಹಿಸಿದ ಮುಖವು ಅಲ್ಲಿ ಉಳಿಯುತ್ತದೆ. ಗಟ್ಟಿಯಾದ ಆ ಬಣ್ಣವನ್ನು ತೆಗೆಯಹೋದರೆ ಮೂಲವರ್ಣವೂ ಕಿತ್ತು ಬರಬಹುದು. ಮಾಡಿದುದನ್ನು ಮುಂದೆ ಬೇಕಾದಾಗ ಹಿಂತೆಗೆಯಲು ಬರುವಂತಿರಬೇಕೆಂಬುದೇ ಸಂರಕ್ಷಣಶಾಸ್ತ್ರದ ಮೂಲಸೂತ್ರ.

ಆದಕಾರಣ ನಮ್ಮ ಸಂಸ್ಥೆಗಳು ತಮ್ಮಲ್ಲಿರುವ ಚಿತ್ರಗಳ ಛಾಯಾಚಿತ್ರ ತೆಗೆಸಿ, ಅಳತೆ ಮತ್ತು ಇತಿಹಾಸಗಳನ್ನು ದಾಖಲೆಪುಸ್ತಕದಲ್ಲಿ ಬರೆದಿಡಲಿ. ದುರಸ್ತಿ ಬೇಕೆನಿಸಿದಾಗ ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯದಂತಹ ಕಡೆಯ ತಜ್ಞರ ಅಭಿಪ್ರಾಯವನ್ನು ಪಡೆಯಲಿ. ದಾನಿಗಳು ಹೊಸ ಬಣ್ಣಕ್ಕೆ ಕೊಡುವ ಹಣವನ್ನು ಈ ಕಾರ್ಯಕ್ಕೆ ಕೊಟ್ಟರೆ, ನಮ್ಮ ಹಿರಿಯರು ಕಂಡ ಮುಖವನ್ನೇ ನಮ್ಮ ಮಕ್ಕಳೂ ಕಾಣುವರು.