ಆಕ್ರೋಶಕ್ಕೂ ಒಂದು ಕೂಗಳತೆ ಬೇಕು

ಯಾವ ದಿನದ ಪತ್ರಿಕೆಯನ್ನಾದರೂ ಬಿಡಿಸಿ ನೋಡಿ, ಒಂದು ಪದ ಕಣ್ಣಿಗೆ ಬಿದ್ದೇ ಬೀಳುತ್ತದೆ. ರಸ್ತೆ ಗುಂಡಿ: ಸಾರ್ವಜನಿಕರ ಆಕ್ರೋಶ. ಬೆಲೆ ಕುಸಿತ: ರೈತರ ಆಕ್ರೋಶ. ಫಲಿತಾಂಶ ವಿಳಂಬ: ವಿದ್ಯಾರ್ಥಿಗಳ ಆಕ್ರೋಶ. ಕೊನೆಗೆ ನೆಚ್ಚಿನ ನಟನ ಸಿನಿಮಾ ಬಿಡುಗಡೆ ಮುಂದಕ್ಕೆ ಹೋದರೂ ಅಭಿಮಾನಿಗಳ ಆಕ್ರೋಶ! ಇಷ್ಟೊಂದು ಆಕ್ರೋಶದ ನಡುವೆ ಬದುಕುವ ನಮ್ಮನ್ನು ಆ ಪದದ ಅರ್ಥವೇನೆಂದು ಕೇಳಿದರೆ, 'ತುಂಬಾ ಸಿಟ್ಟು' ಎಂದು ಹೇಳಿ ಸುಮ್ಮನಾಗುತ್ತೇವೆ. ಅಷ್ಟೇನಾ?

ಒಂದು ಸಣ್ಣ ಪರೀಕ್ಷೆ ಮಾಡೋಣ. 'ನನಗೆ ಸಿಟ್ಟು ಬಂತು' ಅನ್ನುತ್ತೇವೆ. ನಿದ್ದೆ ಬಂತು, ಜ್ವರ ಬಂತು, ಅಳು ಬಂತು ಅಂದ ಹಾಗೆ. ಕರೆಯದೇ ಬರುವುದು ಅದರ ಗುಣ. ಬಂದ ಮೇಲೆ ನೆತ್ತಿಗೇರುತ್ತದೆ, ಆಮೇಲೆ ಇಳಿಯುತ್ತದೆ. ಬೇಕಾದರೆ ನುಂಗಿಕೊಳ್ಳಬಹುದು. ಆದರೆ 'ನನಗೆ ಆಕ್ರೋಶ ಬಂತು' ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಆಕ್ರೋಶವನ್ನು ಜನ ವ್ಯಕ್ತಪಡಿಸುತ್ತಾರೆ, ಹೊರಹಾಕುತ್ತಾರೆ. ಇಲ್ಲವೇ ಅದು ಭುಗಿಲೇಳುತ್ತದೆ, ಕಟ್ಟೆಯೊಡೆಯುತ್ತದೆ. 'ಒಳಗೇ ಮಡುಗಟ್ಟಿದ ಆಕ್ರೋಶ' ಎನ್ನುವಾಗಲೂ ಅದು ಹೊರಬರಲು ಕಾಯುತ್ತಿದೆ ಎಂದೇ ಅರ್ಥ. ಸಿಟ್ಟು ನಮಗೆ ಆಗುವ ಸಂಗತಿ, ಆಕ್ರೋಶ ನಾವು ಮಾಡುವ ಕೆಲಸ.

ಕನ್ನಡದಲ್ಲಿ ಸಿಟ್ಟಿನ ಸಂಸಾರ ದೊಡ್ಡದು. ಅಮ್ಮ ಅಪ್ಪನ ಮೇಲೆ ಮುನಿಸಿಕೊಳ್ಳುತ್ತಾಳೆ. ಮುನಿಸಿನಲ್ಲಿ ಪ್ರೀತಿಯ ಪಾಲಿದೆ, ಯಾರಾದರೂ ಬಂದು ರಮಿಸಲಿ ಎಂಬ ಆಸೆಯಿದೆ. ಅದು ಬರೀ ನಾಟಕವಾದರೆ ಹುಸಿಮುನಿಸು. ರೋಷಕ್ಕೆ ಮಾನದ ಪ್ರಶ್ನೆ ಅಂಟಿಕೊಂಡಿದೆ. 'ಅವನಿಗೆ ಸಿಟ್ಟೇ ಬರಲ್ಲ' ಅಂದರೆ ಹೊಗಳಿಕೆ, 'ಅವನಿಗೆ ರೋಷವೇ ಇಲ್ಲ' ಅಂದರೆ ಬೈಗುಳ. ಕ್ರೋಧ ಅರಿಷಡ್ವರ್ಗದಲ್ಲಿ ಕಾಮದ ಪಕ್ಕದಲ್ಲೇ ಕೂತಿದೆ, ರೌದ್ರ ರಸದ ಸ್ಥಾಯಿಭಾವವೂ ಅದೇ. ರೊಚ್ಚಿಗೆದ್ದವರಿಗೆ ಮಾತ್ರ ಎದುರಿಗಿರುವವರು ಯಾರೆಂಬುದೂ ಕಾಣುವುದಿಲ್ಲ.

ಕ್ರೋಧ, ಆಕ್ರೋಶ ಎರಡರಲ್ಲೂ 'ಕ್ರೋ' ಇರುವುದರಿಂದ ಅಣ್ಣತಮ್ಮಂದಿರು ಅನ್ನಿಸುತ್ತದೆ. ಆದರೆ ಅಲ್ಲ. ಎರಡೂ ಸಂಸ್ಕೃತದಿಂದ ಬಂದ ಪದಗಳು. ಕ್ರೋಧದ ಧಾತು 'ಕ್ರುಧ್', ಅಂದರೆ ಸಿಟ್ಟಾಗು. ಆಕ್ರೋಶದ ಧಾತು 'ಕ್ರುಶ್', ಅಂದರೆ ಕೂಗು. ಆಕ್ರೋಶ ಎಂದರೆ ಮೂಲದಲ್ಲಿ ಒಬ್ಬರತ್ತ ಎಸೆದ ಕೂಗು, ಜೋರು ದನಿಯ ಬೈಗುಳ. ಸಿಟ್ಟಿನ ಅರ್ಥ ಬಂದು ಸೇರಿಕೊಂಡದ್ದು ಆಮೇಲೆ.

ಆ ಹಳೆಯ ಅರ್ಥ ಜೈನ, ಬೌದ್ಧ ಪರಂಪರೆಗಳಲ್ಲಿ ಹಾಗೇ ಉಳಿದಿದೆ. ಜೈನ ಮುನಿಗಳು ಸಹಿಸಿಕೊಳ್ಳಬೇಕಾದ 22 ಪರೀಷಹಗಳಲ್ಲಿ ಹಸಿವು, ಬಾಯಾರಿಕೆ, ಚಳಿ, ಸೊಳ್ಳೆ ಕಡಿತಗಳ ಜೊತೆ 'ಆಕ್ರೋಶ'ವೂ ಒಂದು. ಅಂದರೆ ಬೇರೆಯವರು ಬೈದರೆ ತಾಳಿಕೊಳ್ಳುವುದು. ಪಾಲಿ ಭಾಷೆಯಲ್ಲಿ ಅದೇ ಪದ 'ಅಕ್ಕೋಸ'. ಬುದ್ಧನನ್ನು ಬಾಯಿಗೆ ಬಂದಂತೆ ಬೈದ ಭಾರದ್ವಾಜ ಗೋತ್ರದವನೊಬ್ಬನಿಗೆ 'ಅಕ್ಕೋಸಕ' ಎಂಬ ಹೆಸರೇ ಅಂಟಿಕೊಂಡಿತು. ಬುದ್ಧ ಅವನಿಗೆ ಕೇಳಿದ್ದು ಇಷ್ಟೇ: ನಿಮ್ಮ ಮನೆಗೆ ಬಂದ ನೆಂಟರು ಬಡಿಸಿದ್ದನ್ನು ಮುಟ್ಟದಿದ್ದರೆ ಆ ಊಟ ಯಾರಿಗೆ ಸೇರುತ್ತದೆ? ನನಗೇ ಎಂದನಂತೆ ಅವನು. ಹಾಗಾದರೆ ಈ ಬೈಗುಳವೂ ನಿನ್ನ ಹತ್ತಿರವೇ ಉಳಿಯಿತು ಎಂದನಂತೆ ಬುದ್ಧ.

ಇದೇ ಮನೆತನದ ಇನ್ನೊಂದು ಪದವೂ ಇದೆ: ಕ್ರೋಶ. ಅದಕ್ಕೆ ಕೂಗು ಎಂಬುದು ಒಂದು ಅರ್ಥ, ಕೂಗು ಕೇಳಿಸುವಷ್ಟು ದೂರ ಎಂಬುದು ಇನ್ನೊಂದು. ಮುಂದೆ ಅದೇ ದಾರಿ ಅಳೆಯುವ ಲೆಕ್ಕವಾಗಿ, ಹಿಂದಿಯಲ್ಲಿ 'ಕೋಸ್' ಆಯಿತು. ಮೊಘಲರ ಕಾಲದ ಹೆದ್ದಾರಿಗಳಲ್ಲಿ ಒಂದೊಂದು ಕೋಸಿಗೆ ಒಂದೊಂದು ಕಂಬ ನಿಲ್ಲಿಸಿದ್ದರು. ಅಂಥ ಒಂದು ಕೋಸ್ ಮಿನಾರ್ ದೆಹಲಿಯ ಮೃಗಾಲಯದೊಳಗೆ ಈಗಲೂ ನಿಂತಿದೆ. ನಮ್ಮ ಹಳ್ಳಿಗಳಲ್ಲಿ 'ಅವರ ತೋಟ ಇಲ್ಲೇ ಕೂಗಳತೆಯಲ್ಲಿದೆ' ಅನ್ನುವುದಿಲ್ಲವೇ, ಅದೇ ಲೆಕ್ಕಾಚಾರ. ಕೂಗುವವನಿದ್ದರೆ ಸಾಲದು, ಆ ಅಳತೆಯೊಳಗೆ ಕೇಳಿಸಿಕೊಳ್ಳುವ ಒಂದು ಕಿವಿಯೂ ಇರಬೇಕು.

ಎಲ್ಲರಿಗೂ ಆ ಕಿವಿ ಸಿಗುವುದಿಲ್ಲ ಎಂಬುದೇ ಕಷ್ಟ. 'ಬಡವನ ಸಿಟ್ಟು ದವಡೆಗೆ ಮೂಲ' ಎಂಬ ಗಾದೆ ಹುಟ್ಟಿದ್ದೇ ಅದಕ್ಕೆ. ಬಲ ಇಲ್ಲದವನು ಒಬ್ಬನೇ ಕೂಗಿದರೆ ಪೆಟ್ಟು ಬೀಳುವುದು ಅವನಿಗೇ. ಗೋವಿಂದ ನಿಹಲಾನಿ ಅವರ ಹಿಂದಿ ಚಿತ್ರ 'ಆಕ್ರೋಶ್' (1980) ಇದನ್ನೇ ತೋರಿಸುತ್ತದೆ. ಹೆಂಡತಿಯ ಕೊಲೆ ಆರೋಪ ಹೊತ್ತ ಆದಿವಾಸಿಯಾಗಿ ಓಂ ಪುರಿ ಸಿನಿಮಾ ಉದ್ದಕ್ಕೂ ಬಾಯಿ ಬಿಡುವುದಿಲ್ಲ. ತನ್ನ ಪರ ವಾದಿಸುವ ವಕೀಲನಿಗೂ ಉತ್ತರ ಕೊಡುವುದಿಲ್ಲ. ಕೊನೆಗೆ ಅವನ ಗಂಟಲಿನಿಂದ ಕೂಗು ಹೊರಟಾಗ ಕಾಲ ಮೀರಿರುತ್ತದೆ. ಮಾತೇ ಆಡದ ಮನುಷ್ಯನ ಕಥೆಗೆ ಆ ಹೆಸರು ಯಾಕೆ ಎಂಬುದು ಪದದ ಮೂಲ ತಿಳಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು.

ಕಿವಿ ಸಿಗದ ಸಿಟ್ಟು ಕೈಗೆ ಸಿಕ್ಕವರ ಮೇಲೆ ಬೀಳುತ್ತದೆ. ನಮ್ಮೂರಿನಿಂದ ಕಾಲೇಜಿಗೆ ಹೋಗಲು ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ತುಂಬಿದ್ದರೆ ನಮ್ಮ ಸ್ಟಾಪಿನಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ. ನಿಲ್ಲಿಸಿದ ದಿನ ಹತ್ತಿದವರೆಲ್ಲ ಕಂಡಕ್ಟರ್ ಮೇಲೆ ಕೂಗಾಡುತ್ತಿದ್ದರು. ಬಸ್ಸು ಎಷ್ಟು ಓಡಬೇಕೆಂದು ತೀರ್ಮಾನಿಸುವುದು ಅವರಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಕಳೆದ ವರ್ಷ ಡಿಗ್ರಿ ಓದುತ್ತಿದ್ದ ಅಕ್ಕ ಒಬ್ಬರು ಒಂದು ನೋಟ್‌ಬುಕ್ ಇಟ್ಟರು. ಬಸ್ಸು ನಿಲ್ಲಿಸದೆ ಹೋದ ದಿನ, ಸಮಯ, ಸ್ಟಾಪಿನಲ್ಲಿ ಉಳಿದವರು ಎಷ್ಟು ಜನ, ಯಾರ ಯಾವ ಕ್ಲಾಸ್ ತಪ್ಪಿತು ಎಂದು 3 ವಾರ ಬರೆದರು. 23 ಜನ ಸಹಿ ಹಾಕಿ ಡಿಪೊಗೆ ಹೋದೆವು. ಮಾತು ಜೋರಾಗಿಯೇ ನಡೆಯಿತು, ಮೇಜು ಕುಟ್ಟಿದವರೂ ಇದ್ದರು. 'ಯಾವತ್ತು ನಿಲ್ಲಿಸಿಲ್ಲ ಹೇಳ್ರಿ' ಎಂದು ಅಧಿಕಾರಿ ಕೇಳಿದಾಗ ಅಕ್ಕ ನೋಟ್‌ಬುಕ್ ಮುಂದಿಟ್ಟರು. ತಿಂಗಳೊಳಗೆ ಬೆಳಿಗ್ಗೆ ಇನ್ನೊಂದು ಬಸ್ಸು ಬಂತು. ಸಂಜೆಯದ್ದು ಇನ್ನೂ ಬಂದಿಲ್ಲ. ಹಾಗಾಗಿ ನೋಟ್‌ಬುಕ್ಕೂ ಮುಗಿದಿಲ್ಲ.

ದೊಡ್ಡ ಮಟ್ಟದಲ್ಲೂ ಹೀಗೆಯೇ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಅತ್ಯಾಚಾರ ಪ್ರಕರಣದ ವಿರುದ್ಧ ದೇಶದ ಬೀದಿಗಳಲ್ಲಿ ಎದ್ದ ಕೂಗಿಗೆ ಆಕ್ರೋಶ ಎಂಬುದೇ ಸರಿಯಾದ ಪದ. ಆ ಕೂಗು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ಮುಂದೆ ಸುಮಾರು 80 ಸಾವಿರ ಸಲಹೆಗಳಾಗಿ ಬಂದು ಬಿತ್ತು. ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು, 2013ರಲ್ಲಿ ಕಾನೂನು ತಿದ್ದುಪಡಿಯಾಯಿತು. ಎಲ್ಲವೂ ಸರಿಹೋಯಿತು ಎಂದಲ್ಲ. ಆದರೆ ಕೂಗು ತಲುಪಬೇಕಾದ ಕಡೆ ತಲುಪಿತ್ತು.

ಈಗ ನಮ್ಮ ಕೈಯಲ್ಲಿ ಮೊಬೈಲ್ ಇದೆ. ಕೂಗಿಗೆ ಅಳತೆಯೇ ಇಲ್ಲ. ಎಲ್ಲೋ ನಡೆದ ಜಗಳದ ಅರ್ಧ ನಿಮಿಷದ ವಿಡಿಯೊ ನೋಡಿ, ಮುಂಚೆ ಏನಾಯಿತು, ಆಮೇಲೆ ಏನಾಯಿತು ಗೊತ್ತಿಲ್ಲದೆಯೇ ಕೆಂಪು ಮುಖದ ಇಮೋಜಿ ಒತ್ತುತ್ತೇವೆ. ಸಾವಿರಾರು ಜನರ ಬೈಗುಳ ಒಬ್ಬನ ಮೇಲೆ ಬೀಳುತ್ತದೆ. ಬುದ್ಧನ ಹಾಗೆ 'ಈ ಊಟ ನನಗೆ ಬೇಡ' ಎಂದು ಪಕ್ಕಕ್ಕೆ ಸರಿಸುವ ಶಕ್ತಿ ಎಷ್ಟು ಜನರಿಗಿರುತ್ತದೆ? ಮರುದಿನ ನಮಗೆ ಬೇರೆ ವಿಡಿಯೊ ಸಿಗುತ್ತದೆ, ಅವನು ಮಾತ್ರ ಅಲ್ಲೇ ಉಳಿಯುತ್ತಾನೆ. ಅತ್ತ ನಮ್ಮ ಬೀದಿಯ ಒಡೆದ ಚರಂಡಿಯ ಬಗ್ಗೆ ಪಂಚಾಯಿತಿಗೆ ಒಂದು ಅರ್ಜಿ ಬರೆದವರು ಯಾರೂ ಇರುವುದಿಲ್ಲ.

ಸಿಟ್ಟು ಮಾಡಿಕೊಳ್ಳಬೇಡಿ ಎಂದು ದೊಡ್ಡವರು ನಮಗೆ ಸಾಕಷ್ಟು ಸಲ ಹೇಳಿದ್ದಾರೆ. ನಾನು ಅದನ್ನು ಹೇಳಲಾರೆ. ಅನ್ಯಾಯ ಕಂಡೂ ಸಿಟ್ಟು ಬಾರದಿದ್ದರೆ ನಮ್ಮ ವಯಸ್ಸಿಗೆ ಅರ್ಥವಿಲ್ಲ. ಅದು ಆಕ್ರೋಶವಾಗಿ ಹೊರಬೀಳುವ ಮುಂಚೆ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಕೂಗು ಯಾರ ಕಿವಿಗೆ ಬೀಳಬೇಕು? ಅವರು ನನ್ನ ಕೂಗಳತೆಯಲ್ಲಿ ಇದ್ದಾರಾ? ಇಲ್ಲದಿದ್ದರೆ ದನಿ ಏರಿಸುವುದಕ್ಕಿಂತ ನಾಲ್ಕು ಹೆಜ್ಜೆ ಹತ್ತಿರ ಹೋಗುವುದು ಒಳ್ಳೆಯದು. ಹೋಗುವಾಗ ಕೈಯಲ್ಲೊಂದು ನೋಟ್‌ಬುಕ್ ಇರಲಿ.