ಸೈಕಲ್ಲು, ಬೀಗ ಮತ್ತು ಬೀದಿಯ ಜನ

ಪುಣೆಯನ್ನು ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಕರೆಯುತ್ತಿದ್ದರು. ಕಚೇರಿ ಬಿಡುವ ವೇಳೆಗೆ ಲಕ್ಷ್ಮೀ ರಸ್ತೆಯ ತುಂಬ ಸೈಕಲ್ಲಿನ ಗಂಟೆಗಳ ಸದ್ದೇ ಸದ್ದು ಎಂದು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಆಗ ದೇಶದ ಅನೇಕ ಊರುಗಳಲ್ಲಿ ಸೈಕಲ್ಲಿಗೂ ಪುರಸಭೆಯ ತೆರಿಗೆಯಿತ್ತು. ತೆರಿಗೆ ಕಟ್ಟಿದ ಗುರುತಿಗೆ ಲೋಹದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಬಿಲ್ಲೆಯಿಲ್ಲದವನನ್ನು ರಸ್ತೆಯ ತಿರುವಿನಲ್ಲಿ ಅಡ್ಡಗಟ್ಟಿ ಕೇಳುವ ಒಬ್ಬ ಜವಾನನಾದರೂ ಇರುತ್ತಿದ್ದ. ತೆರಿಗೆ ಹೋದದ್ದಕ್ಕೆ ಯಾರೂ ಅಳಲಿಲ್ಲ, ನಾವೂ ಅಳುವುದಿಲ್ಲ. ಆದರೆ ಅದರೊಡನೆ "ಇದು ಯಾರದು?" ಎಂದು ಕೇಳುವ ಬಾಯಿಯೂ ಹೋಯಿತು. ಸ್ಕೂಟರಿಗೆ ನಂಬರಿನ ಫಲಕವಿದೆ, ಕಾರಿಗೆ ನೋಂದಣಿಯ ಕಾಗದವಿದೆ. ಸೈಕಲ್ಲಿಗೆ ಅದಾವುದೂ ಇಲ್ಲ. ಅದರ ಮೇಲೆ ಯಾರು ಕುಳಿತಿರುವರೋ ಅವರೇ ಒಡೆಯರು.

ಈಗ ಸೈಕಲ್ಲು ತುಳಿಯುವವರಾದರೂ ಯಾರು? ಶಾಲೆ ಕಾಲೇಜುಗಳ ಮಕ್ಕಳು. ವೈದ್ಯರ ಮಾತಿಗೆ ಅಂಜಿ ಬೆಳಿಗ್ಗೆ ಹೊರಡುವ ನಡುವಯಸ್ಸಿನವರು. ಇವರಿಬ್ಬರನ್ನು ಬಿಟ್ಟರೆ, ಬಸ್ಸಿನ ದುಡ್ಡನ್ನು ಉಳಿಸಲೇಬೇಕಾದ ಬಡವರು. ಈ ಮೂರನೆಯ ಗುಂಪಿನಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಗಳ ಕಡೆಯಿಂದ ಬಂದು ಗಾರೆ ಕೆಲಸಕ್ಕೋ ರಾತ್ರಿಯ ಕಾವಲಿಗೋ ನಿಂತ ನಮ್ಮ ಕನ್ನಡಿಗರು ಬಹಳ ಮಂದಿ ಇದ್ದಾರೆ. ಮೊದಲಿನವರ ಸೈಕಲ್ಲು ಹೋದರೆ ಮನೆಯಲ್ಲಿ ಎರಡು ದಿನ ಗೊಣಗಾಟ. ಇವರ ಸೈಕಲ್ಲು ಹೋದರೆ ಕೆಲಸಕ್ಕೇ ಸಂಚಕಾರ.

ಇಟಲಿಯ ವಿಟೋರಿಯೊ ಡಿ ಸಿಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರದ ಕಥೆಯೂ ಇಷ್ಟೇ. 1952ರಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದ್ದರು. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸಕ್ಕೆ ಸೈಕಲ್ಲು ಬೇಕೇ ಬೇಕೆಂದು, ಮನೆಯ ಹಾಸಿಗೆಯ ದುಪ್ಪಟಿಗಳನ್ನು ಒತ್ತೆಯಿಟ್ಟು, ಒತ್ತೆಯಲ್ಲಿದ್ದ ಸೈಕಲ್ಲನ್ನು ಬಿಡಿಸಿಕೊಂಡ ಬಡವ. ಕೆಲಸದ ಮೊದಲ ದಿನವೇ ಅವನು ಏಣಿಯ ಮೇಲಿದ್ದಾಗ ಅದು ಹೋಗುತ್ತದೆ. ಆ ಚಿತ್ರದ ದುಃಖವನ್ನು ಎಲ್ಲರೂ ಹೊಗಳುತ್ತಾರೆ. ನಾವು ವಾಚಕರ ಗಮನವನ್ನು ಸೆಳೆಯಬೇಕೆಂದಿರುವುದು ಕಳ್ಳರ ಕೆಲಸದ ಕಡೆಗೆ. ಸೈಕಲ್ಲನ್ನು ಹತ್ತಿ ಓಡುವವನು ಒಬ್ಬ. ಅವನ ಜೊತೆಗಾರನು ಅಯ್ಯೋ ಪಾಪವೆಂಬಂತೆ ನೆರವಿಗೆ ಬಂದು, "ಅಗೋ ಅಲ್ಲಿ ಹೋದ" ಎಂದು ಬೇರೆಯೇ ಮನುಷ್ಯನ ಹಿಂದೆ ಓಡಿಸುತ್ತಾನೆ. ಮರುದಿನ ಸಂತೆಗೆ ಹುಡುಕಲು ಹೋದರೆ ಅಲ್ಲಿ ಚೌಕಟ್ಟುಗಳ ರಾಶಿ ಒಂದು ಕಡೆ, ಟಯರುಗಳ ರಾಶಿ ಇನ್ನೊಂದು ಕಡೆ. ಬಿಡಿಬಿಡಿಯಾದ ಸೈಕಲ್ಲನ್ನು ಹೆತ್ತ ತಾಯಿಯೂ ಗುರುತಿಸಲಾರಳು. ಮುಕ್ಕಾಲು ಶತಮಾನ ಕಳೆದರೂ ಈ ವಿದ್ಯೆ ಬಹಳವೇನೂ ಬದಲಾಗಿಲ್ಲ.

ಕಳ್ಳನೆಂದರೆ ಬೀಗ ಮುರಿಯುವವನೆಂದು ನಾವು ತಿಳಿದಿರುತ್ತೇವೆ. ಬೀಗ ಮುರಿಯುವುದು ಅವನಿಗೆ ಕೊನೆಯ ಉಪಾಯ. ಅದರಲ್ಲಿ ಸದ್ದುಂಟು, ಹೊತ್ತು ಹಿಡಿಯುತ್ತದೆ. ಅವನಿಗೆ ಹೆಚ್ಚು ಇಷ್ಟವಾದದ್ದು ನಮ್ಮ ಕೈಯಿಂದಲೇ ಸೈಕಲ್ಲನ್ನು ಬಿಡಿಸುವುದು. ಇದರಲ್ಲಿ ಬಹಳ ಸೊಗಸಾದ ಯುಕ್ತಿ ಯಾವುದೆಂದರೆ, ನಮ್ಮ ಸೈಕಲ್ಲಿಗೆ ಅವನೇ ಇನ್ನೊಂದು ಬೀಗ ಹಾಕಿ ಹೋಗುವುದು! ಒಡೆಯನು ಸಂಜೆ ಬಂದು ನೋಡುತ್ತಾನೆ. ತನ್ನ ಬೀಗ ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ. ಯಾರೋ ತಪ್ಪಿ ಹಾಕಿರಬೇಕೆಂದು ಸ್ವಲ್ಪ ಹೊತ್ತು ಕಾದು, ಬೇಸತ್ತು, ನಾಳೆ ನೋಡೋಣವೆಂದು ಮನೆಗೆ ನಡೆಯುತ್ತಾನೆ. ರಾತ್ರಿಯೆಲ್ಲ ಕಳ್ಳನದೇ ರಾಜ್ಯ.

ನಮ್ಮ ಕಟ್ಟಡದ ಕಾವಲುಗಾರರು ಇಂಡಿ ತಾಲೂಕಿನ ಕಡೆಯವರು. ಅವರಿಗೆ ಹೀಗೆಯೇ ಆಯಿತು. ತರಕಾರಿಗೆಂದು ಮಂಡಿಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಚಕ್ರಕ್ಕೆ ಒಂದು ಹೊಸ ಸರಪಳಿ ಬಿಗಿದಿತ್ತು. ಅವರು ಓದಿದವರಲ್ಲ, ಆದರೆ ಸೈಕಲ್ಲನ್ನು ಬಿಟ್ಟು ಬರಲಿಲ್ಲ. ಹಿಂದಿನ ಚಕ್ರವನ್ನು ಎತ್ತಿ ಹಿಡಿದು, ಕೈ ಸೋತಾಗ ಹೆಗಲಿಗೇರಿಸಿ, ಎರಡು ಕಿಲೋಮೀಟರು ನಡೆದು ಬಂದರು. ಬಂದವರು ನಮ್ಮೊಡನೆ ಹೇಳಿದ ಮಾತಿದು: "ಸಾಹೇಬ್ರ, ಬೀಗ ಹಾಕಿದ ಸೈಕಲ್ ಹೊತ್ಕೊಂಡು ಅಷ್ಟು ದೂರ ಬಂದೆ. ಪೊಲೀಸರ ಮುಂದಿಂದನ ಬಂದೆ. ಯಾರದಪಾ ಇದು ಅಂತ ಒಬ್ರೂ ಕೇಳ್ಲಿಲ್ಲ ನೋಡ್ರಿ." ಸೈಕಲ್ಲು ಉಳಿಯಿತೆಂಬ ಸಂತೋಷಕ್ಕಿಂತ ಈ ಆಶ್ಚರ್ಯವೇ ಅವರಿಗೆ ದೊಡ್ಡದಾಗಿತ್ತು. ನಮಗೂ ಹಾಗೆಯೇ ಅನ್ನಿಸಿತು.

ಇದರ ತಮ್ಮನೆಂಬಂಥ ಯುಕ್ತಿ ಟಯರಿನ ಗಾಳಿ ತೆಗೆಯುವುದು. ಪಂಕ್ಚರಾದ ಸೈಕಲ್ಲನ್ನು ಅಲ್ಲಿಯೇ ಬಿಟ್ಟು ಜನ ರಿಕ್ಷಾ ಹಿಡಿಯುತ್ತಾರೆಂದು ಕಳ್ಳನಿಗೆ ಗೊತ್ತು. ಹಳೆಯ ಸೈಕಲ್ಲನ್ನು ಮಾರಲು ಹೊರಟವರಲ್ಲಿಗೆ ಬರುವ ಮಹಾಶಯನು ಇನ್ನೂ ಸಭ್ಯ. ಬ್ರೇಕು ಒತ್ತಿ ನೋಡುತ್ತಾನೆ, ಬೆಲೆಗೆ ಚೌಕಾಸಿ ಮಾಡುತ್ತಾನೆ, "ಒಂದು ಸುತ್ತು ಹೋಗಿ ಬರಲೇ?" ಎನ್ನುತ್ತಾನೆ. ಆ ಸುತ್ತು ಮುಗಿಯುವುದೇ ಇಲ್ಲ. ಮಕ್ಕಳಿಂದ "ಒಂದು ರೌಂಡು ಕೊಡೋ" ಎಂದು ಪಡೆದುಕೊಳ್ಳುವ ದೊಡ್ಡ ಹುಡುಗರದೂ ಇದೇ ಜಾತಿ. ಅಪರಿಚಿತರಿಗೆ ಸೈಕಲ್ಲು ಕೊಡಬಾರದೆಂಬುದನ್ನು ಮಕ್ಕಳಿಗೆ ಗದರಿಸದೆ, ಬಿಡಿಸಿ ಹೇಳಬೇಕು. ಕೊಟ್ಟದ್ದು ಅವರ ಒಳ್ಳೆಯತನದಿಂದ ತಾನೆ?

ಬೀಗದ ಮಾತಿಗೆ ಬರೋಣ. ಹಿಂದಿನ ಚಕ್ರಕ್ಕೆ ಕೂಡಿಸಿರುವ ಉಂಗುರದಂಥ ಬೀಗವು ಸೈಕಲ್ಲನ್ನು ತುಳಿಯದಂತೆ ತಡೆಯುತ್ತದೆಯೇ ಹೊರತು ಎತ್ತಿಕೊಂಡು ಹೋಗದಂತೆ ತಡೆಯುವುದಿಲ್ಲ. ಕಾವಲುಗಾರರ ನಡಿಗೆಯೇ ಇದಕ್ಕೆ ಸಾಕ್ಷಿ. ಅಗ್ಗದ ಬೀಗಗಳಲ್ಲಿ ಕೀಲಿಯ ಮಾದರಿಗಳು ಕೆಲವೇ ಇರುವುದರಿಂದ ಒಬ್ಬರ ಕೀಲಿ ಇನ್ನೊಬ್ಬರಿಗೆ ಹೊಂದುವುದೂ ಉಂಟು. ಅಂಕಿಗಳ ಬೀಗ ಹಾಕುವವರು ಅವಸರದಲ್ಲಿ ಕೊನೆಯ ಅಂಕಿಯೊಂದನ್ನೇ ಒಂದಿಷ್ಟು ತಿರುಗಿಸಿ ಹೋಗುತ್ತಾರೆ. ಕಳ್ಳನು ಅದೊಂದನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ದುಬಾರಿಯ ಬೀಗವೆಂದು ಬೀಗುವಂತೆಯೂ ಇಲ್ಲ. 2004ರಲ್ಲಿ ಅಮೆರಿಕದ ಒಂದು ಹೆಸರಾಂತ ಕಂಪನಿಯ ಗಟ್ಟಿ ಬೀಗಗಳನ್ನು ಅಗ್ಗದ ಬಾಲ್‌ಪೆನ್ನಿನ ಕೊಳವೆಯಿಂದ ತೆರೆಯಬಹುದೆಂದು ಬಯಲಾಗಿ, ಕಂಪನಿಯವರು ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು. ಲೇಖನಿಯ ಶಕ್ತಿ ಇಷ್ಟೆಂದು ನಮ್ಮಂಥ ಗುಮಾಸ್ತರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಆದುದರಿಂದ ಉಂಗುರದ ಬೀಗದೊಡನೆ ಒಂದು ದಪ್ಪ ಸರಪಳಿಯೂ ಇರಲಿ. ಅದು ಚೌಕಟ್ಟಿನ ಮೂಲಕ, ಚಕ್ರದ ಮೂಲಕ ಹಾದು ನೆಲಕ್ಕೆ ನೆಟ್ಟ ಕಂಬವನ್ನು ಬಳಸಿರಬೇಕು. ಮುಂದಿನ ಚಕ್ರವೊಂದಕ್ಕೇ ಕಟ್ಟಿದರೆ, ಸಂಜೆ ನಮಗೆ ಉಳಿಯುವುದು ಮುಂದಿನ ಚಕ್ರವೊಂದೇ. ಕಂಬವನ್ನು ಒಮ್ಮೆ ಅಲುಗಾಡಿಸಿ ನೋಡಬೇಕು. ಮೊದಲೇ ಬುಡ ಸಡಿಲಿಸಿಟ್ಟ ಕಂಬಗಳೂ ಇರುತ್ತವೆ. ಗಿಡ್ಡ ಕಂಬವಾದರೆ ಸೈಕಲ್ಲನ್ನು ಮೇಲಕ್ಕೆತ್ತಿ ಕಳಚಿಬಿಡುತ್ತಾರೆ. ಸರಪಳಿ ನೆಲಕ್ಕೆ ತಾಗಿದ್ದರೆ ಸುತ್ತಿಗೆಯ ಏಟಿಗೆ ನೆಲವೇ ಅಡಿಗಲ್ಲಾಗುತ್ತದೆ. ಈ ಕೆಲಸಕ್ಕೆಲ್ಲ ಒಂದು ನಿಮಿಷ ಬೇಕು. ಆ ಒಂದು ನಿಮಿಷದಲ್ಲಿಯೇ ಯಾರಾದರೂ ಬಂದು ಸಮಯ ಕೇಳುತ್ತಾರೆ, ಇಲ್ಲವೆ ಫೋನು ಬಡಿದುಕೊಳ್ಳುತ್ತದೆ. ಉತ್ತರ ಆಮೇಲೆ ಕೊಟ್ಟರಾಯಿತು. ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡದೆ ಅಲ್ಲಿಂದ ಕದಲಕೂಡದು. ಹಣ ಕೊಟ್ಟು ನಿಲ್ಲಿಸುವ ಸ್ಟ್ಯಾಂಡು ಹತ್ತಿರದಲ್ಲಿದ್ದರೆ ಅಲ್ಲಿಗೇ ಹೋಗುವುದು ಲೇಸು. ಚೀಟಿಯನ್ನು ಮಾತ್ರ ಸೈಕಲ್ಲಿನ ಬುಟ್ಟಿಯಲ್ಲಿ ಬಿಡಬಾರದು.

ಇನ್ನು ಕೇಳುವ ಬಾಯಿಯ ವಿಚಾರ. ಪರಊರಿನಲ್ಲಿರುವ ನಮಗೆ ಒಂದು ಸಂಕೋಚವಿದೆ. ಯಾರೋ ಬೀಗದೊಡನೆ ಗುದ್ದಾಡುತ್ತಿರುವುದನ್ನು ಕಂಡರೂ, ನಮ್ಮ ಮರಾಠಿ ಸರಿಯಿಲ್ಲ, ನಮಗೇಕೆ ಊರ ಉಸಾಬರಿ ಎಂದು ಮುಂದೆ ಹೋಗುತ್ತೇವೆ. "ಹೀ ಸಾಯಕಲ್ ಕೋಣಾಚೀ?" — ಮೂರೇ ಮಾತು. ಇಷ್ಟು ಮರಾಠಿ ಎಲ್ಲರಿಗೂ ಬರುತ್ತದೆ. ನಿಜವಾದ ಒಡೆಯನಾದರೆ ಕೀಲಿ ಕಳೆದ ಕಥೆಯನ್ನು ತಾನೇ ಹೇಳುತ್ತಾನೆ. ಅಲ್ಲದವನು ಮೆಲ್ಲನೆ ಜಾರುತ್ತಾನೆ. ಆದರೆ ಕೇಳುವುದಷ್ಟೇ ನಮ್ಮ ಕೆಲಸ. ಅಂಗಿ ಹರಿದವನ ಕೈಯಲ್ಲಿ ಒಳ್ಳೆಯ ಸೈಕಲ್ಲು ಕಂಡೊಡನೆ ಕಳ್ಳನೆಂದು ಕೂಗಿ ಗುಂಪು ಕೂಡಿಸುವುದು ಕಳ್ಳತನಕ್ಕಿಂತ ಕೆಟ್ಟದ್ದು. ಸಂಶಯ ಬಲವಾದರೆ 112ಕ್ಕೆ ಫೋನು ಮಾಡಬಹುದು.

ಕಡತಗಳ ನಡುವೆ ದಿನ ಕಳೆಯುವವರಾದ್ದರಿಂದ ಕಾಗದದ ಮಾತನ್ನೂ ಹೇಳಿಬಿಡುತ್ತೇವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನುಗಳಲ್ಲಿ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸ್ವತ್ತಿನ ಕಳವಿಗೆ ಬೇರೆಯೇ ಲೆಕ್ಕ. ಮೊದಲ ಸಲ ಸಿಕ್ಕಿಬಿದ್ದವನು ಸ್ವತ್ತನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ಅಂಥದರ ತನಿಖೆಗೆ ಇಳಿಯುವಂತಿಲ್ಲ. ಐದಾರು ವರ್ಷ ತುಳಿದ ಸೈಕಲ್ಲಿನ ಬೆಲೆ ಎಷ್ಟೆಂದು ಠಾಣೆಯಲ್ಲಿ ಕೇಳಿದಾಗ ಬಾಯಿಮಾತು ನಿಲ್ಲುವುದಿಲ್ಲ. ಕೊಂಡ ರಸೀದಿ ಮನೆಯ ಪೆಟ್ಟಿಗೆಯಲ್ಲಿರಲಿ. ಸೈಕಲ್ಲಿನ ಚೌಕಟ್ಟಿನ ಮೇಲೆ, ಸೀಟಿನ ಕೆಳಗಿನ ಕೊಳವೆಗೋ ಪೆಡಲುಗಳು ಕೂಡುವಲ್ಲಿ ಅಡಿಗೋ, ಒತ್ತಿದ ಸಂಖ್ಯೆಯೊಂದಿರುತ್ತದೆ. ಅದನ್ನು ಬರೆದಿಟ್ಟು, ಸೈಕಲ್ಲಿನ ಒಂದು ಫೋಟೋವನ್ನೂ ತೆಗೆದಿಟ್ಟರೆ ದೂರು ಬರೆಯಲು ಬೇಕಾದದ್ದೆಲ್ಲ ಆಯಿತು.

ಗುರುತಿಗೆ ಇನ್ನೊಂದು ಸುಲಭದ ದಾರಿಯೂ ಉಂಟು. ಕಾವಲುಗಾರರು ಈಚೆಗೆ ತಮ್ಮ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ಮೇಲೆ, ಚೌಕಟ್ಟಿನ ಎರಡು ಕಡೆಗೆ, ಊರಿನ ಹೆಸರನ್ನು ಹಳದಿ ಬಣ್ಣದಲ್ಲಿ ದಪ್ಪ ಕನ್ನಡ ಅಕ್ಷರಗಳಿಂದ ಬರೆಯಿಸಿದ್ದಾರೆ. ಈ ಬೀದಿಯಲ್ಲಿ ಅಂಥ ಸೈಕಲ್ಲು ಅದೊಂದೇ. ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಯಾರೂ ಅದನ್ನು ಓದಲಾರರು. ಯಾರದೆಂದು ಮಾತ್ರ ಎಲ್ಲರಿಗೂ ಗೊತ್ತು.