ಗಾಳಿ ಎಷ್ಟು, ಪೆಟ್ರೋಲ್ ಎಷ್ಟು?

ಇಂಜಿನ್ ಟ್ಯೂನಿಂಗ್ ಅಂದ ತಕ್ಷಣ ನಮ್ಮೆಲ್ಲರ ಬಾಯಿಗೆ ಬರೋ ಸಂಖ್ಯೆ 14.7. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು ಅಂತ ಪರೀಕ್ಷೆಯಲ್ಲಿ ಬರೆದು ಬಂದಿರ್ತೀವಿ. ಹಾಗಾದ್ರೆ ಯಾವಾಗಲೂ ಅದೇ ಅಳತೆ ಕೊಟ್ಟರೆ ಮುಗೀತಲ್ಲ? ಮುಗಿಯಲ್ಲ. ಫುಲ್ ಥ್ರಾಟಲ್‌ನಲ್ಲೂ ಅದನ್ನೇ ಹಿಡಿದುಕೊಂಡರೆ ಪವರ್ ಹೋಗುತ್ತೆ, ಕೆಲವೊಮ್ಮೆ ಪಿಸ್ಟನ್ನೂ ಹೋಗುತ್ತೆ.

ಮೊದಲು ಲ್ಯಾಂಬ್ಡಾ ನೋಡೋಣ. ಇಂಜಿನ್‌ಗೆ ಸಿಕ್ಕಿರೋ ಗಾಳಿಯನ್ನು, ಆ ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಯಿಂದ ಭಾಗಿಸಿದರೆ ಬರೋದೇ ಲ್ಯಾಂಬ್ಡಾ. 1 ಬಂದರೆ ಸರಿಸಮ, 1ಕ್ಕಿಂತ ಕಡಿಮೆ ಇದ್ದರೆ ರಿಚ್, ಹೆಚ್ಚಿದ್ದರೆ ಲೀನ್.

ಫಾರ್ಮುಲಾ ಸ್ಟೂಡೆಂಟ್ ಕಾರನ್ನೇ ತಗೊಳ್ಳಿ. ನಿಯಮದ ಪ್ರಕಾರ ಪೆಟ್ರೋಲ್ ಇಂಜಿನ್ ಎಳೆದುಕೊಳ್ಳೋ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ರಿಸ್ಟ್ರಿಕ್ಟರ್ ದಾಟಿಯೇ ಬರಬೇಕು. ಅಂದರೆ ಗಾಳಿಗೇ ಬರ, ಪೆಟ್ರೋಲ್‌ಗಲ್ಲ. ಹಾಗಾಗಿ ಬಂದಷ್ಟು ಆಮ್ಲಜನಕದಲ್ಲಿ ಒಂಚೂರೂ ವ್ಯರ್ಥವಾಗಬಾರದು. ಸಿಲಿಂಡರ್‌ನೊಳಗೆ ಗಾಳಿ, ಇಂಧನ ಎಲ್ಲ ಕಡೆ ಸಮನಾಗಿ ಬೆರೆಯಲ್ಲ. ಸ್ವಲ್ಪ ಹೆಚ್ಚು ಪೆಟ್ರೋಲ್ ಕೊಟ್ಟರೆ ಮಾತ್ರ ಮೂಲೆಯಲ್ಲಿರೋ ಆಮ್ಲಜನಕಕ್ಕೂ ಜೊತೆ ಸಿಗುತ್ತೆ. ಅದಕ್ಕೇ ಸಾಮಾನ್ಯವಾಗಿ ಲ್ಯಾಂಬ್ಡಾ 0.85ರಿಂದ 0.90ರ ನಡುವೆ ಹೆಚ್ಚು ಪವರ್ ಬರುತ್ತೆ. ಹೆಚ್ಚುವರಿ ಇಂಧನ ಆವಿಯಾಗುವಾಗ ಮಿಶ್ರಣವನ್ನು ತಂಪು ಮಾಡೋದು ಇನ್ನೊಂದು ಲಾಭ.

ಅಲ್ಲಿಂದ 1ರ ಕಡೆ ಸರಿದರೆ ಎಕ್ಸಾಸ್ಟ್ ಬಿಸಿ ಏರುತ್ತೆ. ಭಾರ ಹೆಚ್ಚಿರುವಾಗ ನಾಕಿಂಗ್ ಶುರುವಾಗಿ, ಅದು ಮುಂದುವರಿದರೆ ಪಿಸ್ಟನ್ ಒಡೆಯಬಹುದು ಇಲ್ಲವೇ ಕರಗಬಹುದು. ಹಾಗಂತ ಪೆಟ್ರೋಲ್ ಸುರಿದರೂ ಕಷ್ಟವೇ: ಪ್ಲಗ್‌ಗೆ ಮಸಿ ಹಿಡಿಯುತ್ತೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತೆ.

ರಸ್ತೆ ಕಾರಿನ ಲೆಕ್ಕವೇ ಬೇರೆ. ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗ ಇಸಿಯು ಲ್ಯಾಂಬ್ಡಾವನ್ನು 1ರ ಆಸುಪಾಸಿನಲ್ಲೇ ಇಡುತ್ತೆ. ಥ್ರೀ ವೇ ಕ್ಯಾಟಲಿಟಿಕ್ ಕನ್ವರ್ಟರ್ ಮೂರೂ ಬಗೆಯ ಮಾಲಿನ್ಯವನ್ನು ಒಟ್ಟಿಗೆ ತಗ್ಗಿಸೋದು ಆ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಅಂದರೆ 'ಬೆಸ್ಟ್ ಮಿಕ್ಸ್ಚರ್' ಅನ್ನೋದು ಒಂದು ಸಂಖ್ಯೆಯಲ್ಲ. ಆರ್‌ಪಿಎಂ, ಲೋಡ್ ಬದಲಾದಂತೆ ಬದಲಾಗೋ ಒಂದು ದೊಡ್ಡ ಟೇಬಲ್ ಅದು.

ಈಗ ಬಂಕ್‌ನಲ್ಲಿ ಸಿಗೋ ಇ20 ವಿಷಯಕ್ಕೆ ಬರೋಣ. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ, ಸುಮಾರು 9:1. ಇ20ಗೆ ಸರಿಸಮ ಅನುಪಾತ ಸುಮಾರು 13.5ಕ್ಕೆ ಇಳಿಯುತ್ತೆ. ಬರೀ ಪೆಟ್ರೋಲ್‌ಗೆ 13:1 ಅಂದರೆ ಲ್ಯಾಂಬ್ಡಾ 0.88, ಸೇಫ್. ಅದೇ 13:1 ಇ20ಯಲ್ಲಿ ಸುಮಾರು 0.96! ಹಳೇ ಮ್ಯಾಪ್‌ನ ಸಂಖ್ಯೆ ಕಾಪಿ ಹೊಡೆದರೆ ಗೊತ್ತಿಲ್ಲದೇ ಲೀನ್ ಆಗಿರ್ತೀವಿ. ಅದಕ್ಕೇ ಗುರಿಯನ್ನು ಲ್ಯಾಂಬ್ಡಾದಲ್ಲೇ ಇಟ್ಟುಕೊಳ್ಳೋದು ಒಳ್ಳೇದು.

ಟ್ಯೂನ್ ಮಾಡೋ ಕ್ರಮ ಹೀಗೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಡೈನೊ ಮೇಲೆ, ಎಕ್ಸಾಸ್ಟ್‌ನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಕೆಲಸ ಶುರು ಮಾಡಬೇಕು. ಕಡಿಮೆ ಲೋಡ್‌ನ ಭಾಗ ಮೊದಲು, ಫುಲ್ ಥ್ರಾಟಲ್ ಕೊನೆಗೆ. ಫುಲ್ ಥ್ರಾಟಲ್‌ನಲ್ಲಿ 0.80ರ ಹತ್ತಿರದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಪೆಟ್ರೋಲ್ ಕಡಿಮೆ ಮಾಡ್ತಾ ಟಾರ್ಕ್ ನೋಡ್ತಾ ಹೋಗಬೇಕು. ಟಾರ್ಕ್ ಏರೋದು ನಿಂತರೆ ಅಲ್ಲೇ ನಿಲ್ಲಿಸಿ. ಅಲ್ಲಿಂದಾಚೆ ಲೀನ್ ಮಾಡಿದರೆ ಸಿಗೋದು ಬಿಸಿ ಮಾತ್ರ. ಇಗ್ನಿಷನ್ ಟೈಮಿಂಗ್ ಆಮೇಲೆ ಮುಟ್ಟಿ, ಒಂದು ಸಲಕ್ಕೆ ಒಂದೇ ಬದಲಾವಣೆ. ನಾಕಿಂಗ್ ಕೇಳಿಸಿದರೆ ತಕ್ಷಣ ಥ್ರಾಟಲ್ ಬಿಡಿ.

ಸೆನ್ಸರನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಅದು ಅಳೆಯೋದು ಎಕ್ಸಾಸ್ಟ್‌ನಲ್ಲಿ ಉಳಿದಿರೋ ಆಮ್ಲಜನಕವನ್ನು. ಪ್ಲಗ್ ಮಿಸ್ ಹೊಡೆದರೆ ಉರಿಯದ ಗಾಳಿ ಹಾಗೇ ಹೊರಬಂದು 'ಲೀನ್' ಅಂತ ತೋರಿಸುತ್ತೆ. ಸೆನ್ಸರ್‌ಗಿಂತ ಮುಂಚೆ ಪೈಪ್ ಲೀಕ್ ಇದ್ದರೂ ಇದೇ ಕಥೆ. ಹಾಗಾಗಿ ಲ್ಯಾಪ್‌ಟಾಪ್ ತೆರೆಯೋ ಮುಂಚೆ ಪ್ಲಗ್, ಗ್ಯಾಸ್ಕೆಟ್, ಪೈಪ್ ಜಾಯಿಂಟ್ ಒಮ್ಮೆ ನೋಡಿಕೊಳ್ಳಿ.